‘ಯುದ್ಧ ಮತ್ತು ಶಾಂತಿ’: ಓದಿ ನೋಡುವುದೋ, ನೋಡಿ ಓದುವುದೋ?

ಪ್ರಶ್ನೆ: ನಾನು ಬ್ಯಾಂಕ್ ಕೆಲಸದಿಂದ ನಿವೃತ್ತನಾಗಿ ಒಂದು ವರ್ಷವಾಯಿತು. ದೀಪಾವಳಿಗೆ ಮನೆಗೆ ಬರುವ ಮಗಳು, ಬಿಬಿಸಿ 2016ರಲ್ಲಿ ಪ್ರಸಾರ ಮಾಡಿದ ‘ಯುದ್ಧ ಮತ್ತು ಶಾಂತಿ’ ಧಾರಾವಾಹಿಯ ಆರೂ ಕಂತುಗಳನ್ನು ಒಟ್ಟಿಗೆ ಕೂತು ನೋಡೋಣ ಎಂದಿದ್ದಾಳೆ. ಟಾಲ್‌ಸ್ಟಾಯ್ ಅವರ ಕಾದಂಬರಿಯನ್ನು ಹಿಂದೆ ಎರಡು ಸಲ ಹಿಡಿದಿದ್ದೇನೆ. ಎರಡು ಸಲವೂ ನೂರು ಪುಟದ ಆಸುಪಾಸಿನಲ್ಲಿ ಕೈಬಿಟ್ಟಿದ್ದೇನೆ. ಹೆಸರುಗಳೇ ತಲೆಗೆ ಹತ್ತುವುದಿಲ್ಲ. ಹಬ್ಬಕ್ಕೆ ಇನ್ನೂ ಎರಡು ತಿಂಗಳಿದೆ. ಮೊದಲು ಓದಿಬಿಡಲೇ? ಕಥೆಯೆಲ್ಲ ಗೊತ್ತಾಗಿಬಿಟ್ಟರೆ ನೋಡುವ ಸ್ವಾರಸ್ಯ ಹೋಗುವುದಿಲ್ಲವೇ? ಅಥವಾ ಧಾರಾವಾಹಿ ನೋಡಿ, ಮುಖಗಳ ಪರಿಚಯ ಮಾಡಿಕೊಂಡು, ಆಮೇಲೆ ಓದುವುದು ಸುಲಭವೇ?

ಉತ್ತರ: ಮೊದಲು ಓದಿ. ಇದು ಎಲ್ಲ ಕಾದಂಬರಿಗಳಿಗೂ ನಾನು ಕೊಡುವ ಸಲಹೆಯಲ್ಲ. ಘಟನೆಗಳ ಬಲದ ಮೇಲೆ ಓಡುವ ಕಾದಂಬರಿಯನ್ನು ಪರದೆಯ ಮೇಲೆ ನೋಡಿ ಆಮೇಲೆ ಓದಿದರೂ ದೊಡ್ಡ ನಷ್ಟವೇನೂ ಇಲ್ಲ. ಎಷ್ಟೋ ವೇಳೆ ಓದಿಗೆ ಅದು ಒಳ್ಳೆಯ ದಾರಿಯೇ ಆಗುತ್ತದೆ. 2016ರ ಜನವರಿಯಲ್ಲಿ ನೀವು ಹೇಳಿದ ಧಾರಾವಾಹಿ ಬಿಬಿಸಿಯಲ್ಲಿ ಬರುತ್ತಿದ್ದಾಗ ಬ್ರಿಟನ್ನಿನ ಪುಸ್ತಕದಂಗಡಿಗಳಲ್ಲಿ ಈ ಹಳೆಯ ಕಾದಂಬರಿಗೆ ಇದ್ದಕ್ಕಿದ್ದಂತೆ ಗಿರಾಕಿಗಳು ಹೆಚ್ಚಿದರು. ಅವರಲ್ಲಿ ಅನೇಕರು ನೋಡಿದ ಮೇಲೆ ಓದಹೊರಟವರೇ ಆಗಿದ್ದಿರಬೇಕು. ಅವರನ್ನು ತಪ್ಪು ದಾರಿಯವರೆಂದು ನಾನು ಹೇಳಲಾರೆ. ಆದರೆ ‘ಯುದ್ಧ ಮತ್ತು ಶಾಂತಿ’ಯಲ್ಲಿ ನಡೆಯುವ ಮುಖ್ಯ ಸಂಗತಿಗಳು ಘಟನೆಗಳಲ್ಲಿ ಇಲ್ಲ. ಅವು ಇರುವುದು ಹೇಳುವವನ ದನಿಯಲ್ಲಿ, ಮತ್ತು ಓದುಗ ಪುಟದಿಂದ ಪುಟಕ್ಕೆ ಹೊತ್ತುಕೊಂಡು ಹೋಗುವ ನೆನಪಿನಲ್ಲಿ. ಆ ನೆನಪು ನಿಮ್ಮಲ್ಲಿ ಮೊದಲು ಕಟ್ಟಿಕೊಂಡಿರಬೇಕು. ಆಮೇಲೆ ಪರದೆಯಲ್ಲಿ ಬರುವ ಮುಖಗಳೂ ಅರಮನೆಗಳೂ ಅದರ ಮೇಲೆ ಬಂದು ಕೂರಲಿ. ಕ್ರಮ ತಿರುವುಮುರುವಾದರೆ ಮುಖಗಳೇ ನಿಲ್ಲುತ್ತವೆ, ನೆನಪು ಕಟ್ಟುವುದಿಲ್ಲ.

ಕಥೆ ತಿಳಿದರೆ ಸ್ವಾರಸ್ಯ ಹೋಗುತ್ತದೆ ಎಂಬ ಅಂಜಿಕೆಯನ್ನು ಮೊದಲು ಬಿಡಿಸಿಬಿಡುತ್ತೇನೆ. ಗದಾಯುದ್ಧದ ಪ್ರಸಂಗ ನೋಡಲು ರಾತ್ರಿಯಿಡೀ ಕೂತವರಲ್ಲಿ ದುರ್ಯೋಧನನ ತೊಡೆ ಮುರಿಯುತ್ತದೆಂದು ತಿಳಿಯದವರು ಯಾರಿದ್ದಾರೆ? ತಿಳಿದಿರುವುದರಿಂದಲೇ ನಮ್ಮ ಗಮನ ಮುಂದೇನಾಗುತ್ತದೆ ಎಂಬ ಕಡೆಗೆ ಹರಿಯದೆ, ಇಂದಿನ ವೇಷಧಾರಿ ಸರೋವರದಿಂದ ಮೇಲೆ ಬರುವ ಹೊತ್ತಿಗೆ ಯಾವ ಮಾತನ್ನು ಹೇಗೆ ಆಡುತ್ತಾನೆ ಎಂಬ ಕಡೆಗೆ ಹೋಗುತ್ತದೆ. ಗಮಕದಲ್ಲೂ ಅಷ್ಟೇ: ಪದ್ಯ ಕಂಠಪಾಠವಾಗಿರುವವರೇ ವ್ಯಾಖ್ಯಾನವನ್ನು ಹೆಚ್ಚು ಕಿವಿಗೊಟ್ಟು ಕೇಳುತ್ತಾರೆ. ಟಾಲ್‌ಸ್ಟಾಯ್ ಅವರ ಮೊದಲ ಓದುಗರ ಸ್ಥಿತಿಯೂ ಇದಕ್ಕಿಂತ ಬೇರೆಯಾಗಿರಲಿಲ್ಲ. ಕಾದಂಬರಿಯ ಮೊದಲ ಭಾಗಗಳು ಒಂದು ರಷ್ಯನ್ ಮಾಸಪತ್ರಿಕೆಯಲ್ಲಿ 1865ರಿಂದ ‘1805ನೇ ವರ್ಷ’ ಎಂಬ ಹೆಸರಿನಲ್ಲಿ ಬರತೊಡಗಿದವು. ಇಡೀ ಕೃತಿ ಮುಗಿದು ಪುಸ್ತಕವಾಗಿ ಬಂದದ್ದು 1869ರಲ್ಲಿ. ನೆಪೋಲಿಯನ್ 1812ರಲ್ಲಿ ಮಾಸ್ಕೋವರೆಗೆ ಬಂದು, ಸುಟ್ಟ ಊರನ್ನು ಬಿಟ್ಟು, ಚಳಿಗಾಲದಲ್ಲಿ ಸೇನೆಯನ್ನು ಕಳೆದುಕೊಂಡು ಹಿಂತಿರುಗಿದ್ದು ಆ ಓದುಗರ ತಂದೆ, ತಾತಂದಿರ ಕಾಲದ ಸಂಗತಿ. ಯುದ್ಧದ ಫಲಿತಾಂಶವನ್ನು ಯಾರಿಂದಲೂ ಮುಚ್ಚಿಡಲು ಸಾಧ್ಯವಿಲ್ಲದ ಕಥೆಯನ್ನೇ ಲೇಖಕರು ಆರಿಸಿಕೊಂಡಿದ್ದರು. ಮುಚ್ಚಿಡುವ ಉದ್ದೇಶವೂ ಅವರಿಗಿರಲಿಲ್ಲ.

ಹಾಗಾದರೆ ಓದಿನಿಂದ ಸಿಗುವುದು, ನೋಟದಲ್ಲಿ ತಪ್ಪಿಹೋಗುವುದು ಯಾವುದು ಎಂಬುದನ್ನು ಒಂದು ತುಟಿಯ ಉದಾಹರಣೆಯಿಂದ ಹೇಳುತ್ತೇನೆ.

ಕಾದಂಬರಿಯ ಎರಡನೆಯ ಅಧ್ಯಾಯದಲ್ಲಿ ಪೀಟರ್ಸ್‌ಬರ್ಗಿನ ಸಂಜೆಕೂಟವೊಂದಕ್ಕೆ ರಾಜಕುಮಾರ ಆಂದ್ರೇ ಬೊಲ್ಕೊನ್ಸ್ಕಿಯ ಗರ್ಭಿಣಿ ಹೆಂಡತಿ ಲೀಸಾ ಬರುತ್ತಾಳೆ. ಚಿನ್ನದ ಕಸೂತಿಯ ಮಕಮಲ್ಲಿನ ಚೀಲದಲ್ಲಿ ತನ್ನ ಹೆಣಿಗೆ ಕೆಲಸವನ್ನು ಇಟ್ಟುಕೊಂಡು ಬಂದಿದ್ದಾಳೆ. ಅವಳ ಮೇಲ್ದುಟಿಯ ಮೇಲೆ ಕಂಡೂ ಕಾಣದಷ್ಟು ನವುರಾದ ರೋಮವಿದೆ. ತುಟಿ ಹಲ್ಲಿಗಿಂತ ಕೊಂಚ ಗಿಡ್ಡ. ಆ ಕೊರತೆಯೇ ಅವಳ ಚೆಲುವಾಗಿದೆ. ಓದುಗ ಇದನ್ನು ಒಂದು ಅಲಂಕಾರದ ಮಾತೆಂದು ದಾಟುತ್ತಾನೆ. ಆದರೆ ಲೀಸಾ ಮತ್ತೆ ಬಂದಾಗಲೆಲ್ಲ ಆ ತುಟಿ ಬರುತ್ತದೆ. ನಗುವಾಗ ಏಳುತ್ತದೆ, ಹರಟೆಯ ನಡುವೆ ಇಳಿದು ಕೆಳದುಟಿಯನ್ನು ಮುಟ್ಟುತ್ತದೆ, ಗಂಡನ ಮೇಲೆ ಮುನಿಸಿಕೊಂಡಾಗ ಅದೇ ತುಟಿ ಅಳಿಲಿನ ಮುಖದ ಕಳೆ ತರುತ್ತದೆ. ಹೆರಿಗೆಯಲ್ಲಿ ಲೀಸಾ ಸಾಯುತ್ತಾಳೆ. ಸತ್ತ ಮುಖ ಆಂದ್ರೇಗೆ ‘ನನಗೆ ನೀವು ಮಾಡಿದ್ದೇನು?’ ಎಂದು ಕೇಳುವಂತೆ ಕಾಣುತ್ತದೆ. ಇನ್ನೂ ಎಷ್ಟೋ ಪುಟಗಳಾದ ಮೇಲೆ ಅವಳ ಸಮಾಧಿಯ ಮೇಲೆ ಇಟಲಿಯಿಂದ ತರಿಸಿದ ಅಮೃತಶಿಲೆಯ ದೇವದೂತನ ವಿಗ್ರಹವನ್ನು ನಿಲ್ಲಿಸುತ್ತಾರೆ. ಅದರ ಮೇಲ್ದುಟಿ ಕೊಂಚ ಮೇಲೆದ್ದಿದೆ, ಇನ್ನೇನು ನಗುವಂತಿದೆ. ಗುಡಿಯಿಂದ ಹೊರಬರುವಾಗ ಆಂದ್ರೇ, ಅವನ ತಂಗಿ ಮರಿಯಾ ಇಬ್ಬರಿಗೂ ಅದು ಲೀಸಾಳ ಮುಖವನ್ನೇ ನೆನಪಿಸುತ್ತದೆ. ಆ ಕಲ್ಲಿನ ಮುಖದಲ್ಲಿಯೂ ಅದೇ ಮೆದುವಾದ ಆಕ್ಷೇಪಣೆಯನ್ನು ತಾನು ಓದಿದೆನೆಂದು ಮಾತ್ರ ಆಂದ್ರೇ ತಂಗಿಗೆ ಹೇಳುವುದಿಲ್ಲ.

ಇಲ್ಲಿ ಏನಾಯಿತೆಂದು ಗಮನಿಸಿ. ಲೇಖಕರು ಆಂದ್ರೇಯ ಪಶ್ಚಾತ್ತಾಪದ ಬಗ್ಗೆ ಒಂದು ಪುಟ ಬರೆಯಲಿಲ್ಲ. ನಮ್ಮ ನೆನಪಿನಲ್ಲಿ ತಾವೇ ನೆಟ್ಟ ಒಂದು ಗುರುತನ್ನು ನೂರಾರು ಪುಟಗಳ ನಂತರ ಕಲ್ಲಿನಲ್ಲಿ ತೋರಿಸಿದರು, ಅಷ್ಟೇ. ಕ್ಯಾಮೆರಾ ಇದನ್ನು ಮಾಡಲಾರದು. ಅದು ಅಸಮರ್ಥವೆಂದಲ್ಲ, ಅದು ಮುಖವನ್ನು ಇಡಿಯಾಗಿ ತೋರಿಸಲೇಬೇಕಾದ ಸಾಧನ. ಇಡೀ ಮುಖ ಕಾಣುವಾಗ ಮೇಲ್ದುಟಿಯನ್ನೇ ನೋಡು ಎಂದು ಹೇಳುವವರಾರು? ಹೇಳಲು ಹೋಗಿ ನಿರ್ದೇಶಕನು ತುಟಿಯನ್ನು ಪರದೆಯ ತುಂಬ ತುಂಬಿಸಿದರೆ ಅದು ನಗೆಪಾಟಲಾಗುತ್ತದೆ.

ಮುಖಗಳ ಪರಿಚಯ ಮೊದಲು ಆಗಲಿ ಎಂಬ ನಿಮ್ಮ ಯೋಚನೆಯಲ್ಲಿಯೂ ಒಂದು ಅಪಾಯವಿದೆ. ಅದು ನನ್ನ ಅನುಭವದ ಮಾತು. ನಾನು ವಿದ್ಯಾರ್ಥಿಯಾಗಿದ್ದಾಗ ಈ ಕಾದಂಬರಿಯನ್ನು ಓದುವ ಮೊದಲೇ 1956ರ ಹಾಲಿವುಡ್ ಚಿತ್ರವನ್ನು ನೋಡಿಬಿಟ್ಟಿದ್ದೆ. ಅದರಲ್ಲಿ ನತಾಶಾ ಆಗಿದ್ದವರು ಆಡ್ರೆ ಹೆಪ್‌ಬರ್ನ್. ಆ ಮೇಲೆ ಓದಹೊರಟರೆ, ಟಾಲ್‌ಸ್ಟಾಯ್ ತಮ್ಮ ನಾಯಕಿಯನ್ನು ಪರಿಚಯಿಸುವ ಮಾತುಗಳು ನನ್ನ ಕಣ್ಣಿಗೇ ಬೀಳಲಿಲ್ಲ. ಹದಿಮೂರು ವರ್ಷದ ಹುಡುಗಿ. ಕಪ್ಪು ಕಣ್ಣು, ಅಗಲ ಬಾಯಿ. ಚೆಲುವೆಯಲ್ಲ, ಆದರೆ ಜೀವ ತುಂಬಿ ತುಳುಕುವವಳು ಎಂದು ಅವರು ಸ್ಪಷ್ಟವಾಗಿ ಬರೆದಿದ್ದಾರೆ. ದೊಡ್ಡವರು ಕೂತು ಮಾತಾಡುತ್ತಿರುವ ಕೋಣೆಗೆ ಅವಳು ಓಡಿಬಂದು, ನಡುವೆ ಗಕ್ಕನೆ ನಿಂತು, ಲಂಗದಲ್ಲಿ ಬಚ್ಚಿಟ್ಟ ಗೊಂಬೆಯ ಬಗ್ಗೆ ಏನೋ ಹೇಳಹೋಗಿ ನಗು ತಡೆಯಲಾರದೆ ತಾಯಿಯ ಮೇಲೆ ಬಿದ್ದುಬಿಡುತ್ತಾಳೆ. ಇಂಥ ಹುಡುಗಿಯ ಜಾಗದಲ್ಲಿ ಜಗತ್ತಿನ ಸುಂದರಿಯೊಬ್ಬಳು ಮೊದಲೇ ಬಂದು ಕೂತಿದ್ದರಿಂದ, ನತಾಶಾ ಮುಂದೆ ತನ್ನ ಮೊದಲ ನೃತ್ಯಕೂಟದಲ್ಲಿ ಯಾರೂ ತನ್ನನ್ನು ಕುಣಿತಕ್ಕೆ ಕರೆಯಲಾರರೆಂದು ಹೆದರಿ ಗೋಡೆಯ ಬಳಿ ನಿಲ್ಲುವಾಗ ಆ ಭಯ ನನಗೆ ತಟ್ಟಲೇ ಇಲ್ಲ. ಹೆಪ್‌ಬರ್ನ್‌ಗೆ ಯಾರು ಕರೆಯದೆ ಇರುತ್ತಾರೆ! ಆ ಮುಖವನ್ನು ಕಳಚಿಕೊಳ್ಳಲು ನನಗೆ ಎರಡನೆಯ ಓದು ಬೇಕಾಯಿತು. 2016ರ ಧಾರಾವಾಹಿಯ ಲಿಲಿ ಜೇಮ್ಸ್ ಕೂಡ ಸುಂದರಿಯೇ. ಕಥೆಯ ಇನ್ನೊಬ್ಬ ನಾಯಕ ಪಿಯೆರ್‌ನ ಪಾತ್ರದ ಪಾಲ್ ಡೇನೋ ಒಳ್ಳೆಯ ನಟ. ಆದರೆ ಕಾದಂಬರಿಯ ಪಿಯೆರ್ ದಪ್ಪ ಆಳು, ಕೋಣೆಗೆ ಬಂದರೆ ಅಲ್ಲಿದ್ದವರಿಗೆಲ್ಲ ಇಕ್ಕಟ್ಟಾಗುವಷ್ಟು ದೊಡ್ಡ ದೇಹ, ಬೇರೆಯವರ ಟೋಪಿ ಎತ್ತಿಕೊಂಡು ಹೊರಡುವ ಮರೆವು. ಆ ದೇಹದ ಭಾರ ಪರದೆಯ ಮೇಲೆ ಇಲ್ಲ. ನಿಮ್ಮ ಪಿಯೆರ್‌ನನ್ನು ನೀವು ಮೊದಲು ಕಟ್ಟಿಕೊಂಡಿದ್ದರೆ ಡೇನೋ ಅವರ ಅಭಿನಯವನ್ನು ಅದರ ಪಕ್ಕದಲ್ಲಿಟ್ಟು ಮೆಚ್ಚಬಹುದು.

ಎರಡನೆಯ ತೊಡಕು ಒಳಮನಸ್ಸಿನದು. ಆಸ್ಟರ್ಲಿಟ್ಸ್ ಯುದ್ಧ ನಡೆದದ್ದು 1805ರ ಡಿಸೆಂಬರ್ 2ರಂದು. ಕೀರ್ತಿಗಾಗಿ ಹಂಬಲಿಸಿ ಯುದ್ಧಕ್ಕೆ ಬಂದ ಆಂದ್ರೇ, ಸೇನೆ ಚೆದುರಿ ಓಡುತ್ತಿರುವಾಗ ಬಾವುಟ ಎತ್ತಿಕೊಂಡು ಮುನ್ನುಗ್ಗುತ್ತಾನೆ. ಎದುರಿಗೆ ಕೆಂಗೂದಲಿನ ರಷ್ಯನ್ ಫಿರಂಗಿಯವನೊಬ್ಬನೂ ಫ್ರೆಂಚ್ ಸಿಪಾಯಿಯೊಬ್ಬನೂ ಫಿರಂಗಿ ಒರಸುವ ಕೋಲನ್ನು ಹಿಡಿದು ಜಗ್ಗಾಡುತ್ತಿದ್ದಾರೆ; ತಾವೇನು ಮಾಡುತ್ತಿದ್ದೇವೆಂಬ ಅರಿವೇ ಇಬ್ಬರಿಗೂ ಇದ್ದಂತಿಲ್ಲ. ಅಷ್ಟರಲ್ಲಿ ಯಾರೋ ದೊಣ್ಣೆಯಿಂದ ತಲೆಗೆ ಹೊಡೆದಂತಾಗಿ ಆಂದ್ರೇ ಬೀಳುತ್ತಾನೆ. ಜಗ್ಗಾಟ ಏನಾಯಿತು, ಫಿರಂಗಿ ಉಳಿಯಿತೇ ಎಂದು ತಿಳಿಯಲು ಕಣ್ಣು ಬಿಡುತ್ತಾನೆ. ಏನೂ ಕಾಣುವುದಿಲ್ಲ. ಆಕಾಶವೊಂದೇ ಕಾಣುತ್ತದೆ, ತಿಳಿಯಾದ ಆಕಾಶವೂ ಅಲ್ಲ, ಬೂದು ಮೋಡಗಳು ನಿಧಾನವಾಗಿ ತೇಲುವ, ಅಳತೆಗೆ ಸಿಗದಷ್ಟು ಎತ್ತರದ ಆಕಾಶ. ಇದನ್ನು ನಾನು ಇಷ್ಟು ದಿನ ಹೇಗೆ ಕಾಣದೆ ಇದ್ದೆ ಎಂದು ಅವನಿಗೆ ಅನಿಸುತ್ತದೆ. ಯುದ್ಧ ಮುಗಿದ ಮೇಲೆ ರಣರಂಗದಲ್ಲಿ ಓಡಾಡುತ್ತ ಬಂದ ನೆಪೋಲಿಯನ್ ಅವನ ಬಳಿ ನಿಂತು, ಇದೊಂದು ಚಂದದ ಸಾವು ಎನ್ನುತ್ತಾನೆ. ಇವನು ಆಂದ್ರೇಯ ಆರಾಧ್ಯ ವೀರ. ಆದರೆ ಅವನ ಮಾತು ಈಗ ನೊಣದ ಗುಂಯ್‌ಗುಡುವಿಕೆಯಂತೆ ಕಿವಿಗೆ ಬೀಳುತ್ತದೆ.

ಇದನ್ನು ಚಿತ್ರೀಕರಿಸುವವರು ಏನು ಮಾಡಬಹುದು? ಬಿದ್ದ ನಟನ ಮುಖವನ್ನು ತೋರಿಸಬಹುದು, ಕ್ಯಾಮೆರಾವನ್ನು ಮೇಲಕ್ಕೆ ತಿರುಗಿಸಿ ಮೋಡ ತೋರಿಸಬಹುದು, ಸದ್ದನ್ನು ಇಳಿಸಿ ಸಂಗೀತ ಹಾಕಬಹುದು. ಕಾದಂಬರಿ ಓದಿದವನಿಗೆ ಅಷ್ಟೇ ಸಾಕು. ಮೋಡ ಕಂಡೊಡನೆ ಮಿಕ್ಕದ್ದೆಲ್ಲ ಒಳಗಿನಿಂದ ಎದ್ದು ಬರುತ್ತದೆ. ಓದದವನಿಗೆ ಅದು ಒಂದು ಆಕಾಶ ಮಾತ್ರ. ಕೆಂಗೂದಲಿನವನ ಜಗ್ಗಾಟದ ಗತಿಯನ್ನು ತಿಳಿಯಲು ಕಣ್ಣು ತೆರೆದವನಿಗೆ ಆಕಾಶ ಕಂಡಿತು ಎಂಬ ಆ ತಿರುವಿನಲ್ಲಿ ಅಡಗಿರುವುದನ್ನು ಯಾವ ಛಾಯಾಗ್ರಾಹಕನೂ ಹಿಡಿಯಲಾರ.

ನತಾಶಾ ಆಪೆರಾಕ್ಕೆ ಹೋಗುವ ಅಧ್ಯಾಯಗಳದ್ದು ಇನ್ನೂ ಸೂಕ್ಷ್ಮ. ಹಳ್ಳಿಯ ಮನೆಯಿಂದ ಮಾಸ್ಕೋಗೆ ಬಂದ ಹುಡುಗಿಯ ಕಣ್ಣಿಗೆ ರಂಗದ ಮೇಲೆ ಕಾಣುವುದು ನಡುವೆ ಹಲಗೆ, ಪಕ್ಕಕ್ಕೆ ಮರದಂತೆ ಬಣ್ಣ ಬಳಿದ ರಟ್ಟು, ಹಿಂದೆ ಎಳೆದು ಕಟ್ಟಿದ ಬಟ್ಟೆ, ಕೈ ಬೀಸುತ್ತ ಹಾಡುವ ದಪ್ಪ ಹೆಂಗಸರು. ಎಲ್ಲವೂ ಸುಳ್ಳು, ಎಲ್ಲವೂ ವಿಚಿತ್ರ. ರಷ್ಯನ್ ವಿಮರ್ಶಕ ಶ್ಕ್ಲೋವ್‌ಸ್ಕಿ 1917ರ ತನ್ನ ಪ್ರಸಿದ್ಧ ಲೇಖನದಲ್ಲಿ, ನಿತ್ಯದ ವಸ್ತುವನ್ನು ಮೊದಲ ಸಲ ಕಂಡಂತೆ ಕಾಣಿಸುವ ಈ ಬಗೆಯನ್ನು ‘ಅಪರಿಚಿತಗೊಳಿಸುವುದು’ ಎಂಬ ಅರ್ಥದ ಮಾತಿನಿಂದ ಗುರುತಿಸಿ, ಅದಕ್ಕೆ ಮುಖ್ಯವಾಗಿ ಟಾಲ್‌ಸ್ಟಾಯ್ ಅವರನ್ನೇ ಉದಾಹರಿಸಿದ್ದಾನೆ. ಆದರೆ ಕಥೆ ಅಲ್ಲಿಗೆ ನಿಲ್ಲುವುದಿಲ್ಲ. ಪಕ್ಕದ ಆಸನಗಳಿಂದ ಪಿಯೆರ್‌ನ ಹೆಂಡತಿ, ಕುರಾಗಿನ್ ಮನೆತನದ ಹೆಲೆನ್ ಮುಗುಳ್ನಗುತ್ತಾಳೆ, ಅವಳ ಸೋದರ ಅನತೋಲ್ ನತಾಶಾಳನ್ನೇ ನೋಡುತ್ತಾನೆ, ಅಂಕದಿಂದ ಅಂಕಕ್ಕೆ ಅವಳೊಳಗೆ ಏನೋ ಸಡಿಲವಾಗುತ್ತದೆ. ಕೊನೆಗೆ ರಂಗದ ಮೇಲಿನ ಯಾವುದೂ ಅವಳಿಗೆ ವಿಚಿತ್ರವೆನಿಸುವುದಿಲ್ಲ. ರಟ್ಟು ರಟ್ಟಾಗಿಯೇ ಇದೆ, ನೋಡುವ ಕಣ್ಣು ಬದಲಾಗಿದೆ. ಆಂದ್ರೇಗೆ ಮಾತು ಕೊಟ್ಟ ಹುಡುಗಿ ಅನತೋಲ್‌ನ ಜೊತೆ ಓಡಿಹೋಗಲು ಒಪ್ಪುವ ಮಟ್ಟಕ್ಕೆ ಹೇಗೆ ಬಂದಳು ಎಂಬುದರ ಉತ್ತರ ಆ ರಟ್ಟಿನಲ್ಲಿದೆ. ಇದನ್ನು ಓದದೆ ಧಾರಾವಾಹಿ ನೋಡಿದ ನನ್ನ ಪರಿಚಯದ ಹಲವರು, ಈ ಹುಡುಗಿಗೆ ಏನಾಗಿತ್ತು ಎಂದು ಅವಳ ಮೇಲೆ ಸಿಡುಕಿದ್ದನ್ನು ಕೇಳಿದ್ದೇನೆ.

ಒಡಹುಟ್ಟಿದವರಾದ ಇದೇ ಅನತೋಲ್ ಮತ್ತು ಹೆಲೆನ್ ಅವರ ಬಗ್ಗೆ ಮಗಳ ಜೊತೆ ಕೂತು ನೋಡುವ ನಿಮಗೆ ಒಂದು ಮುನ್ಸೂಚನೆ ಕೊಡಬೇಕು. ಇವರಿಬ್ಬರ ನಡುವೆ ಅನುಚಿತ ಸಂಬಂಧವಿತ್ತೆಂಬುದು ಕಾದಂಬರಿಯಲ್ಲಿ ಊರ ಗುಸುಗುಸು. ಮದುವೆಗೆ ಮುಂಚೆ ಪಿಯೆರ್‌ಗೆ ಅದು ಹಾಗೆಯೇ ನೆನಪಾಗಿ ಹೋಗುತ್ತದೆ. ಚಿತ್ರಕಥೆ ಬರೆದ ಆಂಡ್ರ್ಯೂ ಡೇವಿಸ್ ಅದನ್ನು ಹಾಸಿಗೆಯ ಮೇಲಿನ ದೃಶ್ಯವನ್ನಾಗಿ ಆರಂಭದಲ್ಲೇ ತೋರಿಸಿದ್ದಾರೆ. ಬ್ರಿಟನ್ನಿನಲ್ಲಿ ಇದರ ಬಗ್ಗೆ ಸಾಕಷ್ಟು ವಾದವೂ ನಡೆಯಿತು. ನನ್ನ ಆಕ್ಷೇಪ ಮರ್ಯಾದೆಯ ಕಾರಣಕ್ಕಲ್ಲ. ಗುಸುಗುಸುವಾಗಿದ್ದಾಗ ಅದು ಪಿಯೆರ್‌ನ ಕುರುಡಿನ ಅಳತೆಗೋಲಾಗಿತ್ತು: ಕೇಳಿಯೂ, ನೆನಪಾಗಿಯೂ ಅವನು ಅವಳನ್ನು ಮದುವೆಯಾಗುತ್ತಾನೆ. ನಮಗೆ ಕಣ್ಣಾರೆ ತೋರಿಸಿಬಿಟ್ಟರೆ ಅವನು ಬರೀ ಮೋಸಹೋದ ಪೆದ್ದನಾಗಿ ಉಳಿಯುತ್ತಾನೆ.

ಇಷ್ಟು ಹೇಳಿದ ಮೇಲೆ ಧಾರಾವಾಹಿಯ ಪರವಾಗಿಯೂ ಮಾತಾಡದಿದ್ದರೆ ಅನ್ಯಾಯ. ಕಾದಂಬರಿಯಲ್ಲಿ ನಾಲ್ಕು ಸಂಪುಟ, ಎರಡು ಭಾಗದ ಉಪಸಂಹಾರ, ಒಟ್ಟು 361 ಅಧ್ಯಾಯಗಳಿವೆ. ಆರು ಕಂತುಗಳ ಒಟ್ಟು ಅವಧಿ ಆರು ಗಂಟೆಗಿಂತ ಸ್ವಲ್ಪ ಹೆಚ್ಚು. ಲೆಕ್ಕ ಹಾಕಿದರೆ ಒಂದು ಅಧ್ಯಾಯಕ್ಕೆ ಬಂದದ್ದು ಹೆಚ್ಚುಕಡಿಮೆ ಒಂದೇ ನಿಮಿಷ. ಆ ಒಂದು ನಿಮಿಷದಲ್ಲಿ ಡೇವಿಸ್ ಮತ್ತು ನಿರ್ದೇಶಕ ಟಾಮ್ ಹಾರ್ಪರ್ ಕಥೆಯ ಎಳೆ ತಪ್ಪದಂತೆ ಸಾಗಿಸಿರುವುದೇ ದೊಡ್ಡ ಕಸುಬುದಾರಿಕೆ. ರಷ್ಯಾ, ಲಿಥುವೇನಿಯಾ, ಲಾಟ್ವಿಯಾಗಳಲ್ಲಿ ಚಿತ್ರೀಕರಿಸಿದ್ದರಿಂದ ಹಿಮವೂ ಅರಮನೆಗಳ ವಿಸ್ತಾರವೂ ನಿಜವಾಗಿ ಬಂದಿವೆ. ಆ ಸಭಾಂಗಣಗಳು ಎಷ್ಟು ದೊಡ್ಡವು ಎಂಬುದನ್ನು ನಮ್ಮಂಥವರ ಕಲ್ಪನೆ ತಾನಾಗಿ ಊಹಿಸಲಾರದು. ಮುದಿ ರಾಜಕುಮಾರ ಬೊಲ್ಕೊನ್ಸ್ಕಿಯಾಗಿ ಜಿಮ್ ಬ್ರಾಡ್‌ಬೆಂಟ್, ಅವನ ಕಾಟದಲ್ಲಿ ಬದುಕುವ ಮಗಳು ಮರಿಯಾ ಆಗಿ ಜೆಸ್ಸಿ ಬಕ್ಲಿ ಅಭಿನಯಿಸಿದ್ದಾರೆ. ಮರಿಯಾಳ ಮುಖ ಸಾಧಾರಣ, ನಡಿಗೆ ಭಾರ, ಕಣ್ಣು ಮಾತ್ರ ಒಳಗಿನಿಂದ ಬೆಳಕು ಚೆಲ್ಲುತ್ತದೆ ಎಂದು ಟಾಲ್‌ಸ್ಟಾಯ್ ಬರೆದಿದ್ದಾರೆ. ಬಕ್ಲಿ ಆ ಕಣ್ಣನ್ನು ಹೇಗೋ ತಂದಿದ್ದಾರೆ. ಇಡೀ ಧಾರಾವಾಹಿಯಲ್ಲಿ ನನ್ನ ಓದಿಗೆ ಹೊಸದೇನನ್ನಾದರೂ ಕೂಡಿಸಿದ ಪಾತ್ರ ಅದೊಂದೇ. ಈಗ ಮರಿಯಾಳ ಪುಟಗಳನ್ನು ತೆರೆದರೆ ಆ ಮುಖವೇ ಬರುತ್ತದೆ, ಬರಲಿ ಎಂದು ಬಿಟ್ಟಿದ್ದೇನೆ.

ಇನ್ನು ನೀವು ನೂರು ಪುಟಕ್ಕೆ ನಿಂತುಬಿಡುವ ವಿಚಾರ. ಅಲ್ಲಿ ನಿಲ್ಲುವವರು ನೀವೊಬ್ಬರೇ ಅಲ್ಲ. ಮೊದಲ ಪುಟದಲ್ಲಿಯೇ ಇಟಲಿಯ ಜಿನೋವಾ, ಲುಕ್ಕಾಗಳು ಬೊನಾಪಾರ್ಟ್ ಮನೆತನದ ಜಹಗೀರಾದವೆಂಬ ಮಾತು, ಅದೂ ಫ್ರೆಂಚಿನಲ್ಲಿ. ಆಮೇಲೆ ಒಂದು ಸಂಜೆಕೂಟ, ಒಂದು ಕುಡಿತದ ಕೂಟ, ಒಂದು ಹೆಸರುಹಬ್ಬದ (ತಮ್ಮ ಹೆಸರಿನ ಸಂತನ ದಿನದ) ಊಟ, ಸಾಯುತ್ತಿರುವ ಒಬ್ಬ ಶ್ರೀಮಂತ. ನೂರು ಪುಟದ ಹೊತ್ತಿಗೆ ನೀವು ಆ ಶ್ರೀಮಂತನ ಉಯಿಲು ಇರುವ ಕಾಗದಪತ್ರಗಳ ಚೀಲಕ್ಕಾಗಿ ಹೆಂಗಸರಿಬ್ಬರು ಜಗ್ಗಾಡುವಲ್ಲಿಗೆ ಬಂದಿರುತ್ತೀರಿ. ನಿಜಕ್ಕೂ ಹಾಸ್ಯದ ಆ ಪ್ರಸಂಗವನ್ನು, ಯಾರು ಯಾರೆಂದು ತಿಳಿಯದ ಕಾರಣಕ್ಕೆ ಬೇಸರದಿಂದ ಓದಿರುತ್ತೀರಿ. ಆ ಫ್ರೆಂಚ್ ಮಾತು, ರಾಜಕಾರಣದ ಉಲ್ಲೇಖಗಳನ್ನು ಬಿಡಿಸಲು ಕೂರಬೇಡಿ. ಆ ಕೋಣೆಯಲ್ಲಿರುವ ಮುಕ್ಕಾಲು ಜನರಿಗೂ ಅವುಗಳ ಬಗ್ಗೆ ಆಸಕ್ತಿಯಿಲ್ಲ, ಆಡಬೇಕೆಂದು ಆಡುತ್ತಿದ್ದಾರೆ.

ಹೆಸರುಗಳ ತೊಂದರೆಗೆ ಸುಲಭದ ಪರಿಹಾರವಿದೆ. ರಷ್ಯನ್ನರಿಗೆ ಸ್ವಂತ ಹೆಸರು, ತಂದೆಯ ಹೆಸರಿನಿಂದ ಬಂದ ಹೆಸರು, ಮನೆತನದ ಹೆಸರು ಎಂದು ಮೂರು. ಮೇಲೆ ಮುದ್ದಿನ ಹೆಸರು. ನತಾಲ್ಯಾ ಇಲ್ಯಿನಿಚ್ನಾ ರೊಸ್ತೋವಾ ಎಂದರೂ ನತಾಶಾ ಎಂದರೂ ಒಬ್ಬಳೇ. ನಮ್ಮಲ್ಲಿ ಕಚೇರಿಯಲ್ಲಿ ವೆಂಕಟೇಶಮೂರ್ತಿಗಳು, ಮನೆಯಲ್ಲಿ ವೆಂಕಿ, ತಂಗಿಯರಿಗೆ ಅಣ್ಣಯ್ಯ, ಊರಿನವರಿಗೆ ಶಾನುಭೋಗರ ಮಗ ಆಗಿರುವವರು ಒಬ್ಬರೇ ಅಲ್ಲವೇ? ಬೊಲ್ಕೊನ್ಸ್ಕಿ, ರೊಸ್ತೋವ್, ಬೆಜುಖೋವ್, ಕುರಾಗಿನ್, ದ್ರುಬೆತ್ಸ್‌ಕೊಯ್ ಎಂಬ ಐದು ಮನೆಗಳನ್ನು ಒಂದು ರಟ್ಟಿನ ಚೂರಿನ ಮೇಲೆ ಬರೆದು, ಹೊಸ ಹೆಸರು ಬಂದಂತೆಲ್ಲ ಅದರದರ ಮನೆಯ ಕೆಳಗೆ ಸೇರಿಸುತ್ತ, ಅದನ್ನೇ ಪುಟದ ಗುರುತಾಗಿ ಇಟ್ಟುಕೊಳ್ಳಿ. ಐನೂರಕ್ಕೂ ಹೆಚ್ಚು ಪಾತ್ರಗಳಿವೆ ಎಂದು ಯಾರಾದರೂ ಹೆದರಿಸಿದರೆ ಕಿವಿಗೆ ಹಾಕಿಕೊಳ್ಳಬೇಡಿ. ನೆನಪಿಡಬೇಕಾದವರು ಇಪ್ಪತ್ತು ಜನ. ಒಂದೇ ಎಚ್ಚರಿಕೆ: ನಿಕೊಲಾಯ್‌ಗಳು ಮೂವರಿದ್ದಾರೆ. ಮುದಿ ಬೊಲ್ಕೊನ್ಸ್ಕಿ, ಅವನ ಮೊಮ್ಮಗ, ಮತ್ತು ನತಾಶಾಳ ಅಣ್ಣ.

ಕನ್ನಡದಲ್ಲಿ ಓದುವುದಾದರೆ ಓ.ಎಲ್. ನಾಗಭೂಷಣಸ್ವಾಮಿ ಅವರ ಅನುವಾದವಿದೆ. ನಿಮ್ಮ ಕೈಯಲ್ಲಿ ಈಗಾಗಲೇ ಇಂಗ್ಲಿಷ್ ಪ್ರತಿ ಇದ್ದರೆ ಅದು ಯಾರ ಅನುವಾದವೆಂದು ನೋಡಿಕೊಳ್ಳಿ: 2005ರ ಆಂತೊನಿ ಬ್ರಿಗ್ಸ್ ಅನುವಾದದಲ್ಲಿ ಫ್ರೆಂಚ್ ಮಾತುಗಳನ್ನೂ ಇಂಗ್ಲಿಷಿಗೆ ತಂದಿದ್ದಾರೆ, 2007ರ ಪೆವಿಯರ್ ಮತ್ತು ವೊಲೊಖೊನ್ಸ್ಕಿ ಅನುವಾದದಲ್ಲಿ ಫ್ರೆಂಚನ್ನು ಹಾಗೆಯೇ ಇಟ್ಟು ಅಡಿಟಿಪ್ಪಣಿ ಕೊಟ್ಟಿದ್ದಾರೆ. ನಿಮ್ಮ ಎರಡು ಪ್ರಯತ್ನಗಳು ನಿಂತದ್ದು ಎರಡನೆಯ ಬಗೆಯ ಪ್ರತಿಯಲ್ಲಿ ಆಗಿದ್ದರೆ ನನಗೆ ಆಶ್ಚರ್ಯವಿಲ್ಲ.

ದಿನಕ್ಕೆ ಆರು ಅಧ್ಯಾಯ ಓದಿದರೆ 361 ಅಧ್ಯಾಯಗಳಿಗೆ ಸರಿಯಾಗಿ ಎರಡು ತಿಂಗಳು. ಅಧ್ಯಾಯಗಳು ಚಿಕ್ಕವು, ಹೆಚ್ಚಿನವು ಮೂರುನಾಲ್ಕು ಪುಟದವು. ಬೆಳಗಿನ ಕಾಫಿಯ ಮೇಲೆ ಮೂರು, ಮಧ್ಯಾಹ್ನದ ನಿದ್ದೆಗೆ ಮುಂಚೆ ಮೂರು. ಮೊದಲ ಸಂಪುಟ ಆಸ್ಟರ್ಲಿಟ್ಸ್‌ಗೆ ಮುಗಿಯುತ್ತದೆ. ನಾಲ್ಕು ಸಂಪುಟದ ಬದಲು 15 ‘ಪುಸ್ತಕ’ಗಳೆಂದು ವಿಂಗಡಿಸಿದ ಪ್ರತಿಯಾದರೆ ಮೂರನೆಯ ಪುಸ್ತಕದ ಕೊನೆ. ಅಲ್ಲಿಗೆ ಹನ್ನೊಂದನೆಯ ದಿನಕ್ಕೆ ಮುಟ್ಟುತ್ತೀರಿ, ಅದನ್ನು ದಾಟಿದ ಮೇಲೆ ಪುಸ್ತಕವೇ ನಿಮ್ಮನ್ನು ಎಳೆದುಕೊಂಡು ಹೋಗುತ್ತದೆ. ಇತಿಹಾಸದ ಬಗ್ಗೆ ಲೇಖಕರ ಉಪನ್ಯಾಸಗಳು ಮೂರನೆಯ ಸಂಪುಟದಿಂದ ಹೆಚ್ಚುತ್ತವೆ. ಅವು ಬೇಸರ ತಂದರೆ ಮೊದಲ ಓದಿನಲ್ಲಿ ಹಾರಿಸಿ. ಟಾಲ್‌ಸ್ಟಾಯ್ ಅವರೇ 1873ರ ಆವೃತ್ತಿಯಲ್ಲಿ ಆ ಭಾಗಗಳಲ್ಲಿ ಅನೇಕವನ್ನು ಕಥೆಯಿಂದ ತೆಗೆದು ಅನುಬಂಧಕ್ಕೆ ಸಾಗಿಸಿದ್ದರು, ಫ್ರೆಂಚನ್ನು ರಷ್ಯನ್ನಿಗೆ ತಿರುಗಿಸಿದ್ದರು. ಉಪಸಂಹಾರದ ಎರಡನೆಯ ಭಾಗದ 12 ಅಧ್ಯಾಯಗಳಲ್ಲಿ ಪಾತ್ರಗಳೇ ಇಲ್ಲ, ಬರೀ ತರ್ಕ. ಹಬ್ಬದ ಮೊದಲು ಅವನ್ನು ಓದಲೇಬೇಕೆಂದಿಲ್ಲ.

ಆದರೆ ಉಪಸಂಹಾರದ ಮೊದಲ ಭಾಗವನ್ನು ಮಾತ್ರ ಬಿಡಬೇಡಿ, ಏಕೆಂದರೆ ಧಾರಾವಾಹಿ ನಿಮ್ಮಿಂದ ಕಸಿದುಕೊಳ್ಳುವುದು ಅದನ್ನೇ. ಪರದೆಯ ಮೇಲೆ ಕೊನೆಗೆ ಉಳಿಯುವುದು ಬಿಸಿಲಿನಲ್ಲಿ ಮನೆಮಂದಿಯೆಲ್ಲ ಸೇರಿದ ನೆಮ್ಮದಿಯ ಚಿತ್ರ. ಕಾದಂಬರಿಯಲ್ಲಿ 1820ರ ಡಿಸೆಂಬರಿನ ಒಂದು ಸಂಜೆ, ಪಿಯೆರ್ ಪೀಟರ್ಸ್‌ಬರ್ಗಿನಿಂದ ಬಂದು ಸರ್ಕಾರದ ಕೆಡುಕಿನ ಬಗ್ಗೆ, ಸಮಾನಮನಸ್ಕರ ಕೂಟದ ಬಗ್ಗೆ ಮಾತಾಡುತ್ತಾನೆ. ಅವನ ಭಾವಮೈದ ನಿಕೊಲಾಯ್, ಅಪ್ಪಣೆಯಾದರೆ ನಿಮ್ಮ ಮೇಲೆಯೇ ಸೈನ್ಯ ನುಗ್ಗಿಸುತ್ತೇನೆ ಎನ್ನುತ್ತಾನೆ. ಸತ್ತ ಆಂದ್ರೇಯ ಹದಿನೈದು ವರ್ಷದ ಮಗ ಮೂಲೆಯಲ್ಲಿ ಕೂತು ಇದನ್ನೆಲ್ಲ ಕೇಳುತ್ತಾನೆ. ರಾತ್ರಿ ಅವನಿಗೆ, ಪಿಯೆರ್ ಮಾಮನೊಂದಿಗೆ ತಾನು ಶಿರಸ್ತ್ರಾಣ ತೊಟ್ಟು ಸೇನೆಯ ಮುಂದೆ ಹೋಗುವ ಕನಸು ಬೀಳುತ್ತದೆ. 1825ರ ಡಿಸೆಂಬರಿನಲ್ಲಿ ತ್ಸಾರ್ ವಿರುದ್ಧ ದಂಗೆಯೆದ್ದ ಅಧಿಕಾರಿಗಳಲ್ಲಿ ಕೆಲವರನ್ನು ಗಲ್ಲಿಗೇರಿಸಿ, ಅನೇಕರನ್ನು ಸೈಬೀರಿಯಾಕ್ಕೆ ಅಟ್ಟಿದ್ದು ರಷ್ಯನ್ ಓದುಗರಿಗೆ ಗೊತ್ತಿತ್ತು. ಟಾಲ್‌ಸ್ಟಾಯ್ ಮೊದಲು ಬರೆಯಹೊರಟದ್ದೇ ಅಂಥ ಒಬ್ಬ ದಂಗೆಕೋರ ಮುಪ್ಪಿನಲ್ಲಿ ಸೈಬೀರಿಯಾದಿಂದ ಮರಳುವ ಕಥೆಯನ್ನು. ಅವನ ಬೇರನ್ನು ಹುಡುಕುತ್ತ 1825ಕ್ಕೆ, 1812ಕ್ಕೆ, ಕೊನೆಗೆ 1805ಕ್ಕೆ ಹಿಂದೆ ಸರಿದರು. ಆ ಸಂಜೆಯ ಮನೆಯ ಬಾಗಿಲಲ್ಲೇ ಮುಂದಿನ ದುರಂತ ನಿಂತಿದೆ ಎಂಬುದು ತಿಳಿದಿದ್ದರೆ ಧಾರಾವಾಹಿಯ ಬಿಸಿಲಿನ ಚಿತ್ರ ನಿಮಗೆ ಬೇರೆಯೇ ಆಗಿ ಕಾಣುತ್ತದೆ.

ಎರಡು ತಿಂಗಳಲ್ಲಿ ಮುಗಿಯದಿದ್ದರೆ? ಓದು ಎಲ್ಲಿಗೆ ಬಂದಿದೆಯೋ ಅಲ್ಲಿಯವರೆಗೆ ನೋಡಿ, ಮಿಕ್ಕದ್ದನ್ನು ಮಗಳು ಯುಗಾದಿಗೆ ಬಂದಾಗ ನೋಡಬಹುದು. ಪರದೆ ಪುಸ್ತಕವನ್ನು ದಾಟದಂತೆ ನೋಡಿಕೊಂಡರೆ ಸಾಕು. ಪೂರ್ತಿ ಓದಿ, ಇದನ್ನೂ ನೋಡಿ, ಇನ್ನೂ ಹಸಿವು ಉಳಿದರೆ ಬಿಬಿಸಿಯದೇ 1972ರ ಇಪ್ಪತ್ತು ಕಂತಿನ ರೂಪಾಂತರವಿದೆ. ಅದರಲ್ಲಿ ಪಿಯೆರ್ ಆಗಿರುವವರು ಇನ್ನೂ ಹೆಸರು ಮಾಡದಿದ್ದ ಕಾಲದ ಆಂತೊನಿ ಹಾಪ್ಕಿನ್ಸ್. ದೃಶ್ಯಗಳು ನಾಟಕದ ರಂಗದಂತೆ ಕಾಣುತ್ತವೆ, ನಡೆ ನಿಧಾನ, ಆದರೆ ಮಾತಿಗೆ ಅಲ್ಲಿ ಜಾಗವಿದೆ.

ಮಗಳು ಕಾದಂಬರಿ ಓದಿಲ್ಲವೆಂದು ಊಹಿಸುತ್ತೇನೆ. ಹಾಗಿದ್ದರೆ ಅವಳು ಇವರು ಯಾರು, ಅವರಿಗೆ ಇವರೇನಾಗಬೇಕು ಎಂದು ಕೇಳಿದಾಗ ನಿಮ್ಮ ರಟ್ಟಿನ ಚೂರನ್ನು ಕೈಗೆ ಕೊಡಿ. ಅದಕ್ಕಿಂತ ಹೆಚ್ಚಿನ ವ್ಯಾಖ್ಯಾನ ಬೇಡ. ದೃಶ್ಯ ದೃಶ್ಯಕ್ಕೂ ನಿಲ್ಲಿಸಿ, ಕಾದಂಬರಿಯಲ್ಲಿ ಇದು ಹೀಗಿರಲಿಲ್ಲ ಎಂದು ತಿದ್ದುತ್ತಿದ್ದ ನಾನು, ಎರಡನೆಯ ಕಂತಿನ ನಡುವೆಯೇ ರಿಮೋಟನ್ನು ಹೆಂಡತಿಗೆ ಒಪ್ಪಿಸಬೇಕಾಯಿತು. ಮಿಕ್ಕ ನಾಲ್ಕೂವರೆ ಕಂತನ್ನು ಬಾಯಿ ಮುಚ್ಚಿಕೊಂಡು ನೋಡಿದ್ದೇನೆ.